ಅಪ್ಪನ ಜೀಪಿನ ಟರ್ಬೊ

ಆಗೆಲ್ಲ ಬೇವೂರಿನ ಕಡೆಯಿಂದ ಕುಷ್ಟಗಿಗೆ ಹೋಗಬೇಕೆಂದರೆ ನನ್ನ ಅಪ್ಪನ ಜೀಪಿಗೇ ಕಾಯಬೇಕಿತ್ತು. ಹತ್ತು ಮಂದಿಯ ಜಾಗದಲ್ಲಿ ಹದಿನೆಂಟು ಮಂದಿ, ಕಾಲಡಿಯಲ್ಲಿ ಕೋಳಿ. ನಾನು ಐದನೆಯ ಇಯತ್ತೆ ಮುಗಿಸಿದ ಆ ಬೇಸಿಗೆ ಸೂಟಿಯಲ್ಲಿ ಅಪ್ಪನ ಪಕ್ಕದ ಸೀಟಿನ ಅಂಚು ನನ್ನದಾಗಿತ್ತು. ಡೀಸೆಲ್ ವಾಸನೆಯ ಜೊತೆ ಯಾರದೋ ಬುತ್ತಿಯ ಶೇಂಗಾ ಹಿಂಡಿಯ ಘಮ ಬೆರೆತು ಬರುತ್ತಿತ್ತು.

ಜೀಪನ್ನು ಅಪ್ಪ ಗಂಗಾವತಿಯಲ್ಲಿ ಯಾರಿಂದಲೋ ಸೆಕೆಂಡ್ ಹ್ಯಾಂಡ್ ತಂದಿದ್ದ. ಹಿಂದಿನ ಬಾಗಿಲ ಮೇಲೆ ಹೊಳೆಯುವ ಇಂಗ್ಲಿಷ್ ಅಕ್ಷರಗಳಲ್ಲಿ ‘ಟರ್ಬೊ’ ಎಂದಿತ್ತು. ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಮಾರಿದವನ ಮಾತು ನಂಬಿ, “ನಮ್ದು ಟರ್ಬೊ ಗಾಡಿರಿ, ಏರು ಬಂದ್ರೂ ದಮ್ಮು ಕಟ್ಟೂದಿಲ್ಲ” ಎನ್ನುತ್ತಿದ್ದ. ದಿನಾ ಬೆಳಿಗ್ಗೆ ಹೆಗಲ ಟವೆಲ್ಲಿನಿಂದ ಆ ಅಕ್ಷರಗಳನ್ನು ಒರೆಸುತ್ತಿದ್ದ.

ಕುಷ್ಟಗಿಯಲ್ಲಿ ಗಾಡಿ ತುಂಬುವವರೆಗೆ ನಾನು ಮೆಕ್ಯಾನಿಕ್ ಖಾಜಾಸಾಬರ ಗ್ಯಾರೇಜಿನಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಅವರು ಯಾವುದೋ ಗಾಡಿಯ ಬಾನೆಟ್ ಎತ್ತಿ, ಬಸವನಹುಳದ ಚಿಪ್ಪಿನಂಥ ಕಬ್ಬಿಣದ ಭಾಗ ತೋರಿಸಿದರು.

“ಇದ ನೋಡವಾ ಟರ್ಬೊ. ಹೊಗಿ ಹೊರಗ ಹೋಗೂಮುಂದ ಇದರಾಗಿನ ಚಕ್ರ ತಿರುಗಸ್ತೈತಿ. ಆ ಚಕ್ರ ಇಂಜಿನ್ನಿಗೆ ಇನ್ನಷ್ಟು ಗಾಳಿ ತುಂಬತೈತಿ. ನಿಮ್ಮವ್ವ ಒಲಿ ಊದ್ತಾಳಲ್ಲ, ಹಂಗ.”

ಡೀಸೆಲ್ ಗಾಡಿಯ ಹಿಂದೆ ‘ಟಿಡಿಐ’ ಎಂದಿದ್ದರೆ ಟಿ ಎಂಬುದು ಟರ್ಬೊ, ಡಿಐ ಎಂದರೆ ಡೀಸೆಲ್ ನೇರ ಸಿಲಿಂಡರಿಗೇ ಚಿಮ್ಮುತ್ತದೆ ಎಂದೂ ಬಿಡಿಸಿ ಹೇಳಿದರು. ಅಂದಿನಿಂದ ಎದುರಾದ ಗಾಡಿಗಳ ಬೆನ್ನು ಓದುವುದೇ ನನ್ನ ಆಟವಾಯಿತು.

ವಾರದ ಬಳಿಕ ದಾರಿಯಲ್ಲಿ ನೀರು ಹಾಕಲು ಅಪ್ಪ ನಮ್ಮ ಜೀಪಿನ ಬಾನೆಟ್ ಎತ್ತಿದ. ಸುತ್ತ ಮಂದಿ ಇಳಿದು ನಿಂತಿದ್ದರು. ನಾನು ಇಣುಕಿ ಹುಡುಕಿದೆ. ಆ ಚಿಪ್ಪು ಎಲ್ಲೂ ಇರಲಿಲ್ಲ.

“ಅಪ್ಪಾ, ಇದ್ರಾಗ ಟರ್ಬೊ ಇಲ್ಲೇ ಇಲ್ಲ! ಹಿಂದ ಬರೇ ಅಕ್ಷರ ಅಂಟಿಸ್ಯಾರ!”

ಎಲ್ಲರೂ ನಕ್ಕರು. “ಇಷ್ಟ ದಿನ ನಮಗ ಸುಳ್ಳ ಹೇಳಿದಿ ಅನ್ನು” ಎಂದರೊಬ್ಬರು. ಅಪ್ಪನ ಮುಖ ಸಣ್ಣದಾಯಿತು. ಬಾನೆಟ್ ಮುಚ್ಚಿ ಗಾಡಿ ಹತ್ತಿದ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಬ್ಲೇಡಿನಿಂದ ಆ ಅಕ್ಷರಗಳನ್ನು ಕೆರೆಯುತ್ತಿದ್ದ. ನನಗೆ ಅಳು ಬಂತು. “ತೆಗಿಬ್ಯಾಡಪ್ಪ, ಯಾರಿಗೂ ಗೊತ್ತಾಗೂದಿಲ್ಲ.”

“ನಿನಗ ಗೊತ್ತಾತಲ್ಲ” ಎಂದು ನಕ್ಕ.

ಅಂದು ಕುಷ್ಟಗಿಯಲ್ಲಿ ಅವನೂ ನನ್ನ ಜೊತೆ ಗ್ಯಾರೇಜಿಗೆ ಬಂದು ಹಳೆಯ ಟೈರಿನ ಮೇಲೆ ಕುಳಿತ. “ಸಾಬರ, ಇಕಿಗೆ ಹೇಳಿದ್ದು ನನಗೂ ಹೇಳ್ರಿ. ನನಗ ಆ ಅಕ್ಷರ ಬರೂದಿಲ್ಲ.”

ಖಾಜಾಸಾಬರು ಕೈ ಒರೆಸಿಕೊಂಡು, “ನಾ ಯಾಕ? ಮಗಳು ಛಲೋ ಹೇಳ್ತಾಳ” ಎಂದರು.

ನಾನು ಮಣ್ಣಿನಲ್ಲಿ ಮೊಳೆಯಿಂದ ಬರೆದೆ. ನಲವತ್ತು ದಾಟಿದ ಅಪ್ಪ ಎಲ್ಲರ ಎದುರು ಗಟ್ಟಿಯಾಗಿ “ಟಿ, ಡಿ, ಐ” ಎಂದು ಓದಿದ. ಟರ್ಬೊ ಎಲ್ಲಿ ಹೋಯಿತೆಂದು ಮಂದಿ ಕೆಣಕಿದಾಗ, “ಇರಲೇ ಇಲ್ಲರಿ. ನಮ್ಮ ಹುಡುಗಿ ಕಂಡುಹಿಡದ್ಲು” ಎನ್ನುತ್ತಿದ್ದ.

ಈಗ ಅಪ್ಪ ಇಲ್ಲ. ಆ ಜೀಪು ಗುಜರಿಗೆ ಹೋಗಿ ವರ್ಷಗಳಾದವು. ನಾನು ಕೊಪ್ಪಳದಲ್ಲಿ ಸರಕಾರಿ ನೌಕರಿಯಲ್ಲಿದ್ದೇನೆ, ನನಗೂ ನಲವತ್ತು ದಾಟಿದೆ. ಕಳೆದ ವರ್ಷ ನಾಲ್ಕು ಜನರ ಎದುರು ಮಗಳು ನನ್ನದೊಂದು ತಪ್ಪನ್ನು ತಿದ್ದಿದಳು. ನಾನು ರೇಗಿಬಿಟ್ಟೆ. ಆಮೇಲೆ ಅವಳು ಒಮ್ಮೆಯೂ ನನ್ನನ್ನು ತಿದ್ದಿಲ್ಲ.