ಎರಡನೇ ಪೈಪಿಗೂ ದೀಪ ಹಚ್ಚಿದ ಅಮ್ಮ

ಕಳೆದ ಶನಿವಾರ ನಮ್ಮ ಯೂನಿಯನ್ ಸಿಟಿ ಅಪಾರ್ಟ್‌ಮೆಂಟಿನ ಟೀವಿಯಲ್ಲಿ ರಕ್ತ ಹರಿಯುತ್ತಿತ್ತು. ಗಾಬರಿಯಾಗಬೇಡಿ, ಸಿನಿಮಾ ಅಲ್ಲ. ನನ್ನ ಹೆಂಡತಿ ಸುಧಾಳ ಲ್ಯಾಬಿನ ಲೈವ್ ಕ್ಯಾಮೆರಾ!

ಸುಧಾ ಪಕ್ಕದೂರು ಹೇವರ್ಡಿನ ಪುಟ್ಟ ಕಂಪನಿಯೊಂದರಲ್ಲಿ ಕೃತಕ ರಕ್ತನಾಳ ಮಾಡುತ್ತಾಳೆ. ಸಣ್ಣ ನಾಳದೊಳಗೆ ರಕ್ತ ಬೇಗ ಹೆಪ್ಪುಗಟ್ಟಿಬಿಡುತ್ತದೆ. ಅದಕ್ಕೇ ಕಾಂಡಕೋಶಗಳ, ಅಂದರೆ ಸ್ಟೆಮ್ ಸೆಲ್‌ಗಳ, ಜೀನ್ ಬದಲಿಸಿ, ಹೆಪ್ಪು ತಡೆಯುವ ಕೆಲಸ ಕಲಿಸಿ, ನಾಳದ ಒಳಮೈಯಲ್ಲಿ ಬೆಳೆಸುತ್ತಾರೆ. (ಇಷ್ಟು ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು.) ಅವತ್ತು ದೊಡ್ಡ ಟೆಸ್ಟು. ಮಧ್ಯಾಹ್ನದವರೆಗೆ ಅವಳು ಮಾಡಿದ ನಾಳದಲ್ಲಿ ರಕ್ತ ಹರಿದರೆ ಪ್ರಾಜೆಕ್ಟ್ ಉಳಿಯುತ್ತದೆ. ನಿಂತರೆ ಅಂಗಡಿ ಬಂದ್.

ಪಕ್ಕದಲ್ಲೇ ಹೋಲಿಕೆಗೆಂದು ಇನ್ನೊಂದು ನಾಳ. ಅದರಲ್ಲಿ ಕಾಂಡಕೋಶವಿಲ್ಲ, ಬರೀ ಪ್ಲಾಸ್ಟಿಕ್.

ಹಾಸನದಿಂದ ಬಂದಿರುವ ನನ್ನ ಅಮ್ಮ ಸ್ನಾನ ಮುಗಿಸಿ, ಕೋಟು ನೇತುಹಾಕುವ ಕ್ಲಾಸೆಟ್ಟಿನಲ್ಲಿರುವ ದೇವರ ಮುಂದೆ ಎರಡು ತುಪ್ಪದ ದೀಪ ಹಚ್ಚಿ ಬಂದರು.

"ಎರಡ್ಯಾಕೆ ಅತ್ತೆ?" ಸುಧಾ ಕೇಳಿದಳು.

"ಪೈಪಿಗೊಂದೊಂದು ಕಣಮ್ಮ. ಪಾಪ, ಆ ಪ್ಲಾಸ್ಟಿಕ್ಕಿಂದೂ ನಿಲ್ದೇ ಇರ್ಲಿ. ನನ್ನ ಕಾಲೊಳಗೆ ಹಾಕಿದ್ದೂ ಅಂಥದ್ದೇ ಅಲ್ವಾ? ರಕ್ತ ಕಟ್ಕೊಂಡು ಎಷ್ಟು ನೋವು ತಿಂದೆ!"

ಸುಧಾ ಸೋಫಾದಿಂದ ಹಾರಿ ಎದ್ದಳು. "ಅಯ್ಯೋ ಅತ್ತೆ! ಅದು ನಿಲ್ಲಲೇಬೇಕು! ಎರಡೂ ಹರಿದ್ರೆ ನನ್ನ ಸೆಲ್ಸ್ ಏನೂ ಮಾಡಿಲ್ಲ ಅಂತಾಗುತ್ತೆ. ಒಂದು ದೀಪ ಆರಿಸ್ಬಿಡಿ, ಪ್ಲೀಸ್!"

"ಹಚ್ಚಿದ ದೀಪ ಯಾರಾದ್ರೂ ಆರಿಸ್ತಾರೇನೇ?"

"ಅಜ್ಜಿ, ಯು ಆರ್ ಚಿಯರಿಂಗ್ ಫಾರ್ ದಿ ಅದರ್ ಟೀಮ್!" ನಮ್ಮ ಮಗಳು ಬಿದ್ದು ಬಿದ್ದು ನಕ್ಕಳು.

ದೇವರನ್ನೇ ನಂಬದ ನನ್ನ ಹೆಂಡತಿ ಆಗ ಏನು ಮಾಡಿದಳು ಗೊತ್ತೇ? ಕ್ಲಾಸೆಟ್ಟಿನ ಮುಂದೆ ಕೈಮುಗಿದು ನಿಂತು, "ಎರಡನೇ ದೀಪ ಲೆಕ್ಕಕ್ಕಿಲ್ಲ" ಎಂದಳು. ಜೋರಾಗಿಯೇ. ಜೀನನ್ನೇ ತಿದ್ದುವವಳಿಗೆ ಅತ್ತೆಯ ಪ್ರಾರ್ಥನೆ ತಿದ್ದುವುದು ಯಾವ ಮಹಾ?

ತಿಂಡಿ ಮುಗಿಯುವಷ್ಟರಲ್ಲಿ ಪ್ಲಾಸ್ಟಿಕ್ ನಾಳದಲ್ಲಿ ರಕ್ತ ನಿಧಾನವಾಯಿತು, ನಿಂತಿತು. ಇನ್ನೊಂದನ್ನೇ ನೋಡುತ್ತಾ ಕುಳಿತೆವು. ಮಧ್ಯಾಹ್ನವಾದರೂ ಹರಿಯುತ್ತಲೇ ಇತ್ತು! ಸುಧಾ ಕಿರುಚಿದಳು, ನಾನು ಕುಣಿದೆ, ಕೆಳಗಿನ ಮನೆಯವರು ಸೀಲಿಂಗ್ ಬಡಿದರು. (ಬಡಿಯಲಿ!) ಗ್ರೀನ್ ಕಾರ್ಡ್ ಬಂದಾಗಲೂ ನಮಗೆ ಇಷ್ಟು ಖುಷಿಯಾಗಿರಲಿಲ್ಲ.

ಅಮ್ಮ ಸೊಸೆಯ ಕೆನ್ನೆ ಸವರಿದರು. "ನನ್ನ ಕಾಲಿಗೆ ಯಾವಾಗ ಹಾಕಿಸ್ತೀಯ?"

"ಇನ್ನೂ ವರ್ಷಗಟ್ಲೆ ಟೆಸ್ಟ್ ಇದೆ ಅತ್ತೆ. ಮುಂದಿನ ಶನಿವಾರ ಇದನ್ನೇ ಮತ್ತೆ ಮಾಡ್ಬೇಕು."

ಇವತ್ತು ಆ ಶನಿವಾರ. ಬೆಳಿಗ್ಗೆ ಲ್ಯಾಬಿಗೆ ಹೊರಟವಳು ಮನೆಯಲ್ಲಿದ್ದ ಒಂದೇ ಒಂದು ಬೆಂಕಿಪೊಟ್ಟಣವನ್ನು ಪರ್ಸಿಗೆ ಹಾಕಿಕೊಂಡು ಹೋಗಿದ್ದಾಳೆ. ದೇವರಿಲ್ಲ ಎನ್ನುವವಳಿಗೆ ಇಷ್ಟು ಭಯವೇಕೆ ಸ್ವಾಮಿ?