ರಾಗಿಕಲ್ಲಿನ ಸುತ್ತ ಚುಕ್ಕಿಗಳು

ಶ್ರೀರಂಗಪಟ್ಟಣದ ಒಂದು ಪುಟ್ಟ ವಸ್ತುಸಂಗ್ರಹಾಲಯದಲ್ಲಿ ನನ್ನ ಕೆಲಸ ಚುಕ್ಕಿ ನೋಡುವುದು. ಸೂರಿನ ಕ್ಯಾಮೆರಾಗಳು ಬಂದವರನ್ನೆಲ್ಲ ಚುಕ್ಕಿ ಮಾಡಿ ನನ್ನ ಕಂಪ್ಯೂಟರಿಗೆ ಕಳಿಸುತ್ತವೆ. ಜನ ಹೆಚ್ಚು ಹೊತ್ತು ನಿಂತ ಜಾಗ ಕೆಂಪಾಗುತ್ತದೆ. ಮುಖ ಕಾಣುವುದಿಲ್ಲ. ನನ್ನಂಥ ಕುತೂಹಲದ ಹೆಂಗಸಿಗೆ ಇದೆಂಥ ಶಿಕ್ಷೆ ನೋಡಿ!

ಜನ ನಿಲ್ಲದ ಕೋಣೆಯನ್ನು ಖಾಲಿ ಮಾಡಿ ಅಲ್ಲಿ ವಿಡಿಯೊ ತೋರಿಸಲು ನಮ್ಮ ಸಾಹೇಬರು ಹೊರಟಾಗ ನನಗೆ ಪುಕಪುಕ ಶುರುವಾಯಿತು. ಹಳ್ಳಿಮನೆ ಸಾಮಾನಿನ ಕೋಣೆಯಲ್ಲಿ ನಮ್ಮವ್ವನ ರಾಗಿಕಲ್ಲಿತ್ತು. ಪಾಂಡವಪುರದ ಮನೆಗೆ ಟೈಲ್ಸ್ ಹಾಕಿಸುವಾಗ ಅದನ್ನು ಬೀದಿಗೆ ಎಸೆಯಲು ಮನಸ್ಸಾಗದೆ ಅವಳೇ ಆಟೋದಲ್ಲಿ ತಂದುಕೊಟ್ಟಿದ್ದಳು. ಕೋಣೆ ಹೋದರೆ ಕಲ್ಲು ಗೋದಾಮಿಗೆ.

ಆದರೆ ಪರದೆ ನೋಡಿದರೆ ಆ ಕೋಣೆಯೇ ಕೆಂಪು! ಕತ್ತಿ ಗುರಾಣಿಗಳಿಗೂ ಇಲ್ಲದ ಮರ್ಯಾದೆ. ನಾನು ಹಿಗ್ಗಿ ಹೀರೆಕಾಯಿಯಾದೆ. ಸಾಹೇಬರು ಮಾತ್ರ ಹುಬ್ಬು ಗಂಟಿಕ್ಕಿ, "ಈ ಚುಕ್ಕಿಗಳು ಯಾಕಮ್ಮಾ ಕಲ್ಲನ್ನ ಸುತ್ತುತ್ತಿವೆ?" ಎಂದರು.

ಹೋಗಿ ನೋಡಿದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಕೆ.ಆರ್. ಪೇಟೆ ಕಡೆಯ ಹೆಂಗಸರು ಕೈಮುಗಿದು ಪ್ರದಕ್ಷಿಣೆ ಹಾಕುತ್ತಿದ್ದರು! ಕಲ್ಲು ಮನೆ ಬಿಡುವ ದಿನ ಅವ್ವ ಪೂಜೆ ಮಾಡಿ ಅರಿಸಿನ ಕುಂಕುಮ ಬಳಿದಿದ್ದಳು; ಯಾರೂ ಒರೆಸಿರಲಿಲ್ಲ. ಬಂದವರಿಗೆ ಅದು ಯಾವುದೋ ದೇವರು.

"ಇದು ನೋಡೋದಲ್ಲಮ್ಮಾ, ಪೂಜೆ. ಒರೆಸಿಬಿಡಿ, ಆಮೇಲೂ ನಿಲ್ತಾರಾ ನೋಡೋಣ" ಎಂದರು ಸಾಹೇಬರು. ಅವ್ವನಿಗೆ ಫೋನು ಮಾಡಿದೆ. "ಒರ್ಸ್ಬುಡು ಕಣವ್ವ. ಅದೇನ್ ದೇವ್ರಾ? ಹಿಟ್ಟು ಕೊಟ್ಟ ಕಲ್ಲು" ಎಂದಳು. ದನಿ ಮಾತ್ರ ಸಣ್ಣಗಾಗಿತ್ತು.

ಒರೆಸಿದ ಮಾರನೆಯ ದಿನ ಚುಕ್ಕಿಗಳು ಭರ್ರನೆ ದಾಟಿಹೋದವು. ಮಧ್ಯಾಹ್ನ ಎರಡು ಚುಕ್ಕಿಗಳು ಕಲ್ಲಿನ ಬಳಿ ಬಂದು ಕದಲದೆ ಉಳಿದವು. ಸುತ್ತ ಇನ್ನಷ್ಟು ಸೇರಿದವು. ತಡೆಯಲಾಗದೆ ಓಡಿದೆ. ನಾಗಮಂಗಲದಿಂದ ಬಂದಿದ್ದ ಅತ್ತೆ ಸೊಸೆ ಕಲ್ಲಿನ ಆಚೀಚೆ ಎದುರುಬದುರು ಕೂತು ಗೂಟ ಹಿಡಿದಿದ್ದರು.

"ಅಂಗಲ್ಲ ಕಣಮ್ಮಿ, ನೀನು ತಳ್ಳು, ನಾನು ಎಳ್ಕತೀನಿ!"

ಸೊಸೆ ಬಿದ್ದೂ ಬಿದ್ದೂ ನಗುತ್ತಿದ್ದಳು. ಗದರಲು ಬಂದ ಗಾರ್ಡನ್ನು ನನ್ನ ಹಿಂದೆಯೇ ಬಂದಿದ್ದ ಸಾಹೇಬರೇ ಕೈಯೆತ್ತಿ ತಡೆದರು. ಒಂದಷ್ಟು ಹೊತ್ತು ನೋಡಿ, "ಕೋಣೆ ಇರಲಿ ಬಿಡಮ್ಮಾ" ಎಂದರು. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ಎದುರ್ಗಡೆ ಒಬ್ಳು ಕೂತಿದ್ಲಾ?"

"ಊ ಕಣವ್ವ."

"ನಾನು ಒಬ್ಳೇ ಬೀಸಿ ಬೀಸಿ ತೋಳು ಬಿದ್ದೋಯ್ತು. ಅದಕ್ಕೀಗ ಇಬ್ರು ಸಿಕ್ಕವ್ರೆ. ಅಲ್ಲೇ ಇರ್ಲಿ ಬುಡು."