ಅತ್ತೆ ತಿದ್ದಿದ ವೆಬ್‌ಸೈಟು

ಬಿಳೇಕಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ, ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಜಯಶೀಲಾಳ ಹೊಲಿಗೆ ಮಿಷನ್ ಇತ್ತು. ಸೀರೆಗೆ ಫಾಲ್ ಹಚ್ಚುವುದು, ಅಂಚಿಗೆ ಜಿಗ್‌ಜಾಗ್ ಹೊಡೆಯುವುದು, ಮಕ್ಕಳ ಯೂನಿಫಾರಂ ಸಡಿಲ ಮಾಡಿಕೊಡುವುದು, ಹಬ್ಬ ಹತ್ತಿರವಾದಾಗ ಲೈನಿಂಗ್ ಬ್ಲೌಸು. ಬೀದಿಯವರಿಗೆಲ್ಲ ಅವಳು ಟೈಲರ್ ಆಂಟಿ. ಗಂಡ ಚಿದಾನಂದ್ ಜಯನಗರದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸದಲ್ಲಿದ್ದ. ಮನೆಯಲ್ಲಿ ಮೂರನೆಯವರು ಅವನ ತಾಯಿ ಕಮಲಾದೇವಿ.

ಕಮಲಾದೇವಿ ತಿಪಟೂರಿನ ಶಾಲೆಯೊಂದರಲ್ಲಿ ಕನ್ನಡ ಮೇಡಂ ಆಗಿ ನಿವೃತ್ತರಾದವರು. ಗಂಜಿ ಹಾಕಿದ ಕಾಟನ್ ಸೀರೆ, ಮೊಣಕೈ ಮುಟ್ಟುವ ತೋಳಿನ ರವಿಕೆ, ಹಣೆಯಲ್ಲಿ ವಿಭೂತಿ. ಬೆಳಗ್ಗೆ ಬರುವ ಹಾಲಿನವನ ಎದುರಿಗೂ ಅವರು ನೈಟಿಯಲ್ಲಿ ಕಾಣಿಸಿಕೊಂಡವರಲ್ಲ. ಅಂಥವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಬಾಯಿ ಒಂದು ಕಡೆಗೆ ಎಳೆಯಿತು, ಮಾತು ತೊದಲಾಯಿತು. ಆಸ್ಪತ್ರೆಯಲ್ಲಿ ಅವರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಮನೆಗೆ ಬಂದ ಮೊದಲ ಬೆಳಗ್ಗೆ, ಸೊಸೆ ತಲೆಯ ಮೇಲಿಂದ ನೈಟಿ ಇಳಿಸಿದಾಗ ಮಾತ್ರ ಗೋಡೆಗೆ ಮುಖ ತಿರುಗಿಸಿ ಅತ್ತರು.

ಆ ಅಳು ಜಯಶೀಲಾಳ ಎದೆಯಲ್ಲಿ ಕೂತುಬಿಟ್ಟಿತು. ಅವಳು ಅತ್ತೆಯ ಹಳೆಯ ರವಿಕೆಯೊಂದನ್ನು ತೆಗೆದುಕೊಂಡು ಬಿಚ್ಚಿದಳು. ಹುಕ್ಕು ಕಿತ್ತು ವೆಲ್ಕ್ರೋ ಪಟ್ಟಿ ಹಾಕಿದಳು. ಅದು ಕತ್ತಿನ ಹತ್ತಿರ ಚುಚ್ಚಿತು. ಇನ್ನೊಂದರಲ್ಲಿ ಬಲಗಡೆಯ ಹೊಲಿಗೆಯನ್ನು ತೋಳಿನಿಂದ ಕಂಕುಳು ದಾಟಿ ಕೆಳ ಅಂಚಿನವರೆಗೆ ಬಿಚ್ಚಿಟ್ಟಳು. ಅದು ಒಂದು ಕೈಗೆ ಸಿಗದೆ ಜಾರಿತು. ಹೀಗೆ ಎಷ್ಟೋ ರವಿಕೆಗಳು ಹಾಳಾದ ಮೇಲೆ, ಎಡಗೈ ಒಂದರಿಂದಲೇ ಎಳೆದು ಅಂಟಿಸಬಹುದಾದ ರವಿಕೆಯೊಂದು ತಯಾರಾಯಿತು. ಪಟ್ಟಿ ಕಾಣದಂತೆ ಮೇಲೆ ಸಾಲಾಗಿ ಗುಂಡಿ ಕೂರಿಸಿದ್ದಳು. ನೋಡಿದವರಿಗೆ ಅದು ಮಾಮೂಲಿ ರವಿಕೆಯೇ.

ಅಂದು ಬಾಗಿಲ ಹಿಂದೆ ಕಮಲಾದೇವಿ ಬಹಳ ಹೊತ್ತು ಒದ್ದಾಡಿದರು. ಕೊನೆಗೆ ಒಳಗಿಂದ ಒಂದೇ ಮಾತು ಕೇಳಿಸಿತು. "ಹಾಕ್ಕೊಂಡೆ."

ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯವರು ಅದನ್ನು ನೋಡಿ ತಮಗೆ ಗೊತ್ತಿದ್ದ ಒಂದಿಬ್ಬರಿಗೆ ಹೇಳಿದರು. ಅವರಲ್ಲಿ ಹುಳಿಮಾವಿನ ಒಬ್ಬ ಹೆಂಗಸು ಭುಜ ಮುರಿದುಕೊಂಡು, ತಿಂಗಳುಗಟ್ಟಲೆ ಗಂಡನ ಅಂಗಿ ತೊಟ್ಟು ಮನೆಯಲ್ಲೇ ಕೂತಿದ್ದವರು. ಜಯಶೀಲಾ ಹೊಲಿದುಕೊಟ್ಟ ಹೊಸ ರವಿಕೆ ತೊಟ್ಟು ಕನ್ನಡಿ ಮುಂದೆ ನಿಂತು, "ಅಲ್ಲಾ ಅಕ್ಕ, ನೀವು ಇಷ್ಟು ಹತ್ರ ಇದೀರಾ ಅಂತ ಗೊತ್ತೇ ಇರ್ಲಿಲ್ಲ. ಗೂಗಲ್‌ನಲ್ಲಿ ಎಷ್ಟು ಹುಡುಕಿದೀನಿ ಗೊತ್ತಾ? ಬರೀ ಆಸ್ಪತ್ರೆ ಗೌನ್ ಬರ್ತಿತ್ತು," ಅಂದರು.

ಅವರು ಹೋದ ಮೇಲೂ ಆ ಮಾತು ಜಯಶೀಲಾಳ ತಲೆಯಿಂದ ಹೋಗಲಿಲ್ಲ. ಹಾಗೆ ಹುಡುಕುತ್ತಾ ಕೂತವರು ಇನ್ನೆಷ್ಟು ಮಂದಿಯೋ!

ಜೆ.ಪಿ. ನಗರದ ಒಂದು ಮಹಿಳಾ ಸಂಘದಲ್ಲಿ ಭಾನುವಾರಗಳಂದು ವೆಬ್‌ಸೈಟ್ ಮಾಡುವುದನ್ನು ಹೇಳಿಕೊಡುತ್ತಾರೆಂದು ತಿಳಿದು, ಜಯಶೀಲಾ ಹೆಸರು ಕೊಟ್ಟು ಬಂದಳು.

"ಇನ್‌ಸ್ಟಾಗ್ರಾಮ್ ಸಾಕಲ್ವೇನೆ? ವೆಬ್‌ಸೈಟೆಲ್ಲಾ ಕಂಪನಿಯೋರು ಮಾಡ್ಕೊಳೋದು," ಅಂದ ಚಿದಾನಂದ್.

"ರೀ, ಅಲ್ಲಿ ಸುಮ್ನೆ ನೋಡ್ತಾ ಹೋಗೋರಿಗೆ ಕಾಣಿಸ್ತೀನಿ. ನಾನು ಹುಡುಕೋರಿಗೆ ಸಿಗ್ಬೇಕು."

ಅವನು ತಲೆ ಕೆರೆದುಕೊಂಡ. ಭಾನುವಾರ ತಾನೇ ಗಾಡಿಯಲ್ಲಿ ಕರೆದುಕೊಂಡು ಹೋಗಿ ಬಿಟ್ಟು ಬಂದ.

ಹೇಳಿಕೊಡುತ್ತಿದ್ದವಳು ಚೈತ್ರ ಎಂಬ ಹುಡುಗಿ. ವಾರವಿಡೀ ಬಿಟಿಎಂ ಲೇಔಟಿನ ಆಫೀಸಿನಲ್ಲಿ ಕೆಲಸ ಮಾಡಿ, ಭಾನುವಾರ ಇಲ್ಲಿ ಪಾಠ ಮಾಡುತ್ತಿದ್ದಳು. ಎಲ್ಲರೂ ಕಂಪ್ಯೂಟರ್ ಆನ್ ಮಾಡಲು ಕೈ ಚಾಚಿದರೆ ಅವಳು ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿದಳು.

"ಇವತ್ತು ಕಂಪ್ಯೂಟರ್ ಮುಟ್ಟೋದಿಲ್ಲ. ನಿಮ್ಮ ಸೈಟಿಗೆ ಯಾರು ಬರ್ತಾರೆ, ಬಂದೋರಿಗೆ ಮೊದಲು ಏನು ಕಾಣ್ಬೇಕು, ಆಮೇಲೆ ಎಲ್ಲಿಗೆ ಹೋಗ್ಬೇಕು, ಅಷ್ಟನ್ನ ಬರೀರಿ."

ಉಳಿದವರು ಮುಖ ಮುಖ ನೋಡಿಕೊಂಡರು. ಜಯಶೀಲಾಳಿಗೆ ಮಾತ್ರ ಇದು ವಿಚಿತ್ರ ಅನಿಸಲಿಲ್ಲ. ಹೊಲಿಗೆ ಕಲಿಯುವಾಗ ಬಟ್ಟೆಗೆ ಕತ್ತರಿ ಹಾಕುವ ಮೊದಲು ಎಷ್ಟೋ ದಿನ ನ್ಯೂಸ್‌ಪೇಪರ್ ಕತ್ತರಿಸಿದವಳು ಅವಳು. ಖುಷಿಯಿಂದಲೇ ಬರೆದಳು. ಮೇಲೆ ದೊಡ್ಡದಾಗಿ ಅಂಗಡಿ ಹೆಸರು, ಅದರ ಸುತ್ತ ಹೂವಿನ ಬಳ್ಳಿ. ಕೆಳಗೆ ತನ್ನ ಫೋಟೋ, ಹೊಲಿಗೆ ಡಿಪ್ಲೊಮಾದ ಸರ್ಟಿಫಿಕೇಟು. ಅದರ ಕೆಳಗೆ ಫಾಲ್, ಜಿಗ್‌ಜಾಗ್, ಮದುವೆ ಬ್ಲೌಸು. ಎಲ್ಲದರ ತಳದಲ್ಲಿ ಕೊನೆಯ ಸಾಲು: 'ರೋಗಿಗಳಿಗೆ ಹಾಗೂ ಅಂಗವಿಕಲರಿಗೆ ವಿಶೇಷ ಉಡುಪು ಹೊಲಿದುಕೊಡಲಾಗುವುದು.'

ಚೈತ್ರ ಹಾಳೆಯನ್ನು ನೋಡಿದಳು. ಯಾಕೆ ವೆಬ್‌ಸೈಟ್ ಬೇಕೆಂದು ಕೇಳಿದಳು. ಜಯಶೀಲಾ ಹುಳಿಮಾವಿನವರ ಕತೆ ಹೇಳಿದಳು.

"ಆಂಟಿ, ಆ ಮೇಡಂ ಈ ಪೇಜ್ ತೆಗೆದ್ರು ಅನ್ಕೊಳಿ. ಅವರಿಗೆ ಬೇಕಾಗಿದ್ದು ಎಲ್ಲಿದೆ?"

ಜಯಶೀಲಾ ಬೆರಳಿಟ್ಟು ಹುಡುಕಿದಳು. ಬೆರಳು ಹಾಳೆಯ ತಳಕ್ಕೆ ಇಳಿಯಿತು.

"ಅಲ್ಲೀತನಕ ಅವರು ಇರಲ್ಲ ಆಂಟಿ. ಮನೇಗ್ ಹೋಗಿ, ಆ ರವಿಕೆ ಹಾಕ್ಕೊಳೋರನ್ನೇ ಕೇಳಿ, ಅವರಿಗೆ ಮೊದಲು ಏನು ತಿಳ್ಕೋಬೇಕು ಅನ್ಸುತ್ತೆ ಅಂತ."

ಕೇಳುವುದಕ್ಕೆ ದೂರ ಹೋಗಬೇಕಾಗಿರಲಿಲ್ಲ. ಸಂಜೆ ಕಾಫಿ ಕೊಟ್ಟು, ಅತ್ತೆಯ ಎದುರು ಹಾಳೆ ಹಿಡಿದಳು. ಕಮಲಾದೇವಿ ಕನ್ನಡಕ ಹಾಕಿಸಿಕೊಂಡು ಮೇಲಿಂದ ಕೆಳಗೆ ಓದಿದರು. ಕೊನೆಯ ಸಾಲಿಗೆ ಬಂದಾಗ ಅವರ ಹುಬ್ಬು ಗಂಟಾಯಿತು.

"ರೋಗಿ ಯಾರು?"

ಜಯಶೀಲಾ ಆ ಸಾಲನ್ನು ನೋಡಲು ಬಗ್ಗಿದಳು.

"ನಾನು... ರೋಗಿ ಬಟ್ಟೆ ಹಾಕ್ಕೊಂಡಿದೀನಾ?"

"ಇಲ್ಲ ಅತ್ತೆ."

"ಪೆನ್ ಕೊಡು."

ಲಕ್ವ ಹೊಡೆದ ಮೇಲೆ ಅವರು ಪೆನ್ನು ಮುಟ್ಟಿರಲಿಲ್ಲ. ಪೆನ್ಷನ್ ಕಾಗದಕ್ಕೂ ಹೆಬ್ಬೆಟ್ಟು ಒತ್ತಿದ್ದರು. ಅದಾದ ಮೇಲೆ ಒಂದು ದಿನ ಪೂರ್ತಿ ಯಾರ ಜೊತೆಯೂ ಮಾತಾಡಿರಲಿಲ್ಲ. ಈಗ ಎಡಗೈಯಲ್ಲಿ ಪೆನ್ನು ಹಿಡಿದು, ಮೊದಲು ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಶಾಲೆಯಲ್ಲಿ ಮಕ್ಕಳ ತಪ್ಪು ಹೊಡೆದ ಗೆರೆಯೇ ಇರಬೇಕು, ಅಷ್ಟು ನೇರವಾಗಿತ್ತು. ಆಮೇಲೆ ಅದರ ಪಕ್ಕ ಬರೆಯತೊಡಗಿದರು. ಅಕ್ಷರಗಳು ಒಂದರ ಮೇಲೊಂದು ಬಿದ್ದವು, ಒತ್ತು ಎಲ್ಲೋ ಹೋಯಿತು. ಒಂದು ಸಾಲು ಮುಗಿಯುವಷ್ಟರಲ್ಲಿ ಕಾಫಿ ಆರಿ ತಣ್ಣಗಾಯಿತು. ಜಯಶೀಲಾ ಕೈ ಹಿಡಿಯಲು ಹೋಗಲಿಲ್ಲ. ಪಕ್ಕದಲ್ಲಿ ನೋಡುತ್ತಾ ನಿಂತಳು.

'ಕೈ ಎತ್ತಲು ಆಗದವರಿಗೂ ಚೆಂದದ ರವಿಕೆ.'

"ಇದು ಮೇಲಿರ್ಲಿ. ಹೂವು ಬಳ್ಳಿ ತೆಗಿ. ನಿನ್ನ ಸರ್ಟಿಫಿಕೇಟ್ ಯಾರಿಗ್ ಬೇಕು?"

ಜಯಶೀಲಾ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಸಂಜೆಯ ಕಾಫಿಯೆಂದರೆ ಇಬ್ಬರಿಗೂ ವೆಬ್‌ಸೈಟಿನ ಮಾತು. ಹೊರಗಿನವರ ಎದುರು ಬಟ್ಟೆ ಬಿಚ್ಚಲು ನಾಚಿಕೆಯಾದರೆ ಹೇಗೆ? ಅಳತೆಗೆ ಮನೆಗೇ ಬರುತ್ತೀರಾ? ತೊಳೆದರೆ ಪಟ್ಟಿ ಕಿತ್ತು ಬರುತ್ತದಾ? ಕಮಲಾದೇವಿ ಪ್ರಶ್ನೆ ಕೇಳುವುದು, ಜಯಶೀಲಾ ಉತ್ತರ ಬರೆಯುವುದು, ಅವರು ತಿದ್ದುವುದು. "ಉಡುಪು ಅನ್ಬೇಡ. ಬಟ್ಟೆ ಅನ್ನು." "ಕೊಡಲಾಗುವುದು ಏನು, ಸರ್ಕಾರಿ ಬೋರ್ಡಾ? ಹೊಲಿದು ಕೊಡ್ತೀನಿ ಅನ್ನು." ಮಾತು ಸಿಗದೆ ನಡುವೆ ತಡವರಿಸಿದರೂ, ಸಿಕ್ಕಮೇಲೆ ಮೇಷ್ಟರ ಗತ್ತಿನಲ್ಲೇ ಹೇಳುತ್ತಿದ್ದರು. ವ್ಯಾಯಾಮದವರು, "ಅಮ್ಮ ಮುಂಚೆಗಿಂತ ಚೆನ್ನಾಗಿ ಮಾತಾಡ್ತಿದಾರೆ," ಅಂತ ಆಶ್ಚರ್ಯಪಟ್ಟರು.

ಭಾನುವಾರ ಸಂಘದಲ್ಲಿ, ಉಳಿದ ದಿನ ಅಲ್ಲಿಂದ ಎರವಲು ತಂದ ಹಳೆಯ ಲ್ಯಾಪ್‌ಟಾಪಿನಲ್ಲಿ ನಡೆದ ಕಂಪ್ಯೂಟರಿನ ಕೆಲಸ ಮಾತ್ರ ಜಯಶೀಲಾಳನ್ನು ಚೆನ್ನಾಗಿ ಸತಾಯಿಸಿತು. ಸೈಟು ಕಟ್ಟಲು ಸಿದ್ಧ ಚೌಕಟ್ಟುಗಳಿದ್ದವು. ಒಂದರಲ್ಲಿ ಬರಹ, ಒಂದರಲ್ಲಿ ಚಿತ್ರ ತುಂಬಿ, ಎಳೆದು ತಂದು ಜೋಡಿಸಬೇಕು. ಕಂಪ್ಯೂಟರಿನಲ್ಲಿ ಚೆಂದ ಕಂಡದ್ದು ಫೋನಿನಲ್ಲಿ ತೆಗೆದರೆ ಅಂಚು ದಾಟಿ ಓಡುತ್ತಿತ್ತು. ಫೋಟೋ ಹಾಕಿದರೆ ಪುಟ ತೆರೆಯುವಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕುತ್ತಿತ್ತು. ಫೋಟೋಗಳನ್ನು ಚಿಕ್ಕದು ಮಾಡಿಯೇ ಹಾಕಬೇಕೆಂದು ಚೈತ್ರ ತೋರಿಸಿಕೊಟ್ಟಳು. "ಫೋನ್ ನಂಬರ್ ಎಲ್ಲಾ ಪೇಜ್‌ನಲ್ಲೂ ಇರ್ಲಿ ಆಂಟಿ, ಒತ್ತಿದ್ರೆ ಕಾಲ್ ಹೋಗ್ಬೇಕು. ಇಂಗ್ಲಿಷಲ್ಲೂ ಒಂದೆರಡು ಸಾಲು ಹಾಕಿ, ಹುಡುಕೋವಾಗ ಜನ ಇಂಗ್ಲಿಷಲ್ಲೇ ಟೈಪ್ ಮಾಡೋದು ಜಾಸ್ತಿ."

ಒಂದು ಭಾನುವಾರ ಏನನ್ನೋ ಒತ್ತಿದಾಗ ಮೊದಲ ಪುಟವೇ ಮಾಯವಾಯಿತು. ಜಯಶೀಲಾ ಬೆಂಚಿನ ಮೇಲೆ ಬೆವತು ಕೂತಳು. ಅತ್ತೆ ತಿದ್ದಿದ ಮಾತುಗಳೆಲ್ಲ ಅದರಲ್ಲಿದ್ದವು. ಚೈತ್ರ ಬಂದು ಹಳೆಯ ಪ್ರತಿಯನ್ನು ತೆಗೆದುಕೊಟ್ಟಳು. "ಎಲ್ಲೂ ಹೋಗಲ್ಲ ಆಂಟಿ, ಇದರೊಳಗೇ ಇರುತ್ತೆ. ನೀರು ಕುಡೀರಿ ಮೊದ್ಲು."

ಇನ್ನು ಉಳಿದದ್ದು ಚಿತ್ರ. ರವಿಕೆಯನ್ನು ಒಂದು ಕೈಯಲ್ಲಿ ಹೇಗೆ ತೊಡುವುದೆಂದು ತೋರಿಸುವ ಒಂದು ಪುಟ್ಟ ವಿಡಿಯೋ ಇದ್ದರೆ ನೂರು ಮಾತು ಉಳಿಯುತ್ತದೆ ಎಂದಿದ್ದಳು ಚೈತ್ರ. ಗಿರಾಕಿಗಳನ್ನು ಕೇಳಲು ಜಯಶೀಲಾಳಿಗೆ ಬಾಯಿ ಬರಲಿಲ್ಲ. ಕೋಣೆಯ ಮೂಲೆಯಲ್ಲಿದ್ದ, ಹೊಲಿದ ಬ್ಲೌಸು ಹಾಕಿ ನೋಡುವ ಗೊಂಬೆಗೆ ರವಿಕೆ ತೊಡಿಸಿ ಫೋಟೋ ತೆಗೆಯಲು ಹೊರಟಳು.

ಮಂಚದ ಮೇಲಿಂದ ಕಮಲಾದೇವಿ ನಕ್ಕರು. "ಆ ಗೊಂಬೆಗೆ ಕೈಯೇ ಇಲ್ವಲ್ಲೇ ಜಯ!"

ಇಬ್ಬರೂ ಒಟ್ಟಿಗೆ ನಕ್ಕರು. ನಗು ನಿಂತ ಮೇಲೆ ಕಮಲಾದೇವಿ ಮೆಲ್ಲಗೆ, "ನಾನಿದೀನಲ್ಲ," ಅಂದರು.

ಜಯಶೀಲಾ ಗೊಂಬೆಯನ್ನು ಬಿಟ್ಟು ಅವರತ್ತ ತಿರುಗಿದಳು. ಮುಖ ಸೊಟ್ಟಗಾದಂದಿನಿಂದ ಅವರು ಫೋಟೋಗೆ ನಿಂತಿರಲಿಲ್ಲ. ತಂಗಿಯ ಮಗನ ಮದುವೆಯಲ್ಲಿ ಗ್ರೂಪ್ ಫೋಟೋಗೆ ಕರೆದಾಗ ಕಾಲು ನೋವೆಂದು ಹಿಂದೆ ಉಳಿದಿದ್ದರು.

"ಮುಖ ಬೇಡ ಅತ್ತೆ. ಕೈ ಮಾತ್ರ ಬರೋ ಹಾಗೆ ತೆಗೀತೀನಿ."

"ಮುಖ ಇಲ್ದೆ ಯಾರು ನಂಬ್ತಾರೆ? ತೆಗಿ. ಆದ್ರೆ ಮೊದ್ಲು ತಲೆ ಬಾಚು."

ಒಳಗೆ ತುಂಬುತೋಳಿನ ಬನಿಯನ್ ತೊಟ್ಟು, ಇಳಕಲ್ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು ಕಿಟಕಿ ಬೆಳಕಿಗೆ ಕೂತರು. ಜಯಶೀಲಾ ಫೋನನ್ನು ಮಿಷನ್ನಿನ ಮೇಲೆ ಒರಗಿಸಿಟ್ಟಳು. ಕಮಲಾದೇವಿ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅದರ ಮೇಲೆ ರವಿಕೆಯ ತೋಳನ್ನು ಹರಡಿ, ಎಳೆದು, ಪಕ್ಕದ ಪಟ್ಟಿ ಅಂಟಿಸಿದರು. ನಡುವೆ ಒಮ್ಮೆ ಬಟ್ಟೆ ಜಾರಿತು. ಜಯಶೀಲಾಳ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಬೇಡ. ಜಾರೋದೂ ನೋಡ್ಲಿ."

ಅಂಗಡಿಯಿಂದ ಬೇಗ ಬಂದಿದ್ದ ಚಿದಾನಂದ್ ಬಾಗಿಲಲ್ಲೇ ನಿಂತುಬಿಟ್ಟಿದ್ದ. ತಾಯಿ ಕೊನೆಯ ಪಟ್ಟಿ ಒತ್ತಿ, ಸೆರಗು ಎಳೆದುಕೊಂಡು, ಸೊಟ್ಟ ತುಟಿಯಲ್ಲೇ ಕ್ಯಾಮೆರಾ ನೋಡಿ ನಕ್ಕರು. ಅವನು ಬಚ್ಚಲಿಗೆ ಹೋದ. ಬಹಳ ಹೊತ್ತು ನಲ್ಲಿ ಹರಿಯುವ ಸದ್ದು ಕೇಳಿಸಿತು.

ವೆಬ್‌ಸೈಟು ಹೊರಬಂದದ್ದು ಒಂದು ಸೋಮವಾರ. 'ಪ್ರಕಟಿಸಿ' ಗುಂಡಿಯನ್ನು ಅತ್ತೆಯ ಕೈಯಲ್ಲೇ ಒತ್ತಿಸಿದಳು. ಆಮೇಲೆ ಏನೂ ಆಗಲಿಲ್ಲ. ತಿಪಟೂರಿನ ನೆಂಟರು ನೋಡಿ ಹೂವಿನ ಚಿತ್ರ ಕಳಿಸಿದರು. ಯಾರೋ ಕರೆ ಮಾಡಿ ಪ್ಯಾಂಟು ಗಿಡ್ಡ ಮಾಡಿಕೊಡುತ್ತೀರಾ ಎಂದರು. ಇನ್ಯಾರೋ, ನಿಮ್ಮ ಸೈಟನ್ನು ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಎಂದು ಹಿಂದಿಯಲ್ಲಿ ಕಾಡಿದರು. ಮಳೆಗಾಲ ಮುಗಿಯುತ್ತಾ ಬಂತು. ಜಯಶೀಲಾ ಗಣೇಶನ ಹಬ್ಬದ ಬ್ಲೌಸುಗಳಲ್ಲಿ ಮುಳುಗಿದಳು. ಕಮಲಾದೇವಿ ಮಾತ್ರ ಫೋನು ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದರು.

ಒಂದು ಮಧ್ಯಾಹ್ನ ಒಂದು ಕರೆ ಬಂತು, ಗಂಡಸಿನ ದನಿ.

"ಮೇಡಂ, ನಾನು ಬೇಗೂರಿಂದ ಕೆಂಪರಾಜು ಅಂತ. ನಮ್ದು ಇಲ್ಲೇ ಹಾರ್ಡ್‌ವೇರ್ ಅಂಗಡಿ. ಅದು... ನಮ್ಮನೇವ್ರಿಗೆ ಆಪರೇಷನ್ ಆಯ್ತು ಮೇಡಂ, ಎದೇದು. ಕೈ ಊದ್ಕೊಳತ್ತೆ, ಮೇಲೆತ್ತಕ್ಕಾಗಲ್ಲ. ಮನೆ ಬಿಟ್ಟು ಆಚೆ ಬರ್ತಿಲ್ಲ. ನಿಮ್ ವಿಡಿಯೋ ಅವಳೇ ಹುಡುಕಿ ತೋರಿಸಿದ್ಲು. ದಿನಾ ಅದನ್ನೇ ನೋಡ್ತಾಳೆ."

"ನಾನೇ ಮನೇಗ್ ಬಂದು ಅಳತೆ ತಗೋತೀನಿ ಸಾರ್. ಅವರ ಹತ್ರ ಕೊಡ್ತೀರಾ?"

ಆ ಕಡೆ ಪಿಸುಮಾತು ನಡೆಯಿತು. ಕೆಂಪರಾಜು ಸಂಕೋಚದಿಂದ, "ತಪ್ಪು ತಿಳ್ಕೋಬೇಡಿ ಮೇಡಂ. ನಿಮ್ ಹತ್ರ ಅಲ್ವಂತೆ. ಆ ಅಮ್ಮನ ಹತ್ರ ಮಾತಾಡ್ಬೇಕಂತೆ," ಅಂದ.

ಜಯಶೀಲಾ ಫೋನನ್ನು ಅತ್ತೆಯ ಎಡಗಿವಿಗೆ ಹಿಡಿದಳು. ಕಮಲಾದೇವಿ ಫೋನನ್ನು ಅವಳ ಕೈಯಿಂದ ತೆಗೆದುಕೊಂಡು, ನೀನು ಹೋಗು ಎಂಬಂತೆ ಗದ್ದ ಆಡಿಸಿದರು. ಜಯಶೀಲಾ ಮಿಷನ್ನಿನ ಮುಂದೆ ಕೂತಳು, ಆದರೆ ಪೆಡಲ್ ತುಳಿಯಲಿಲ್ಲ.

"ಹೆಸರೇನಮ್ಮ?... ಸುಧಾಮಣಿ. ಚೆನ್ನಾಗಿದೆ... ಹೂಂ... ಹೂಂ... ಅಳು, ಪರವಾಗಿಲ್ಲ. ನಾನೂ ಅತ್ತಿದೀನಿ."

ಬಹಳ ಹೊತ್ತು ಬರೀ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತನ್ನು ಹುಡುಕಿ ತಂದು, "ನನಗೆ ಮಾತು ತಡ ಆಗತ್ತೆ. ಕಾಯ್ತೀಯಾ?... ಯಾವ ಬಣ್ಣ ಇಷ್ಟ ನಿಂಗೆ?" ಅಂದರು.

ಆ ಶುಕ್ರವಾರ ಜಯಶೀಲಾ ಬೇಗೂರಿಗೆ ಹೋಗಿ ಅಳತೆ ತಂದಳು. ಸುಧಾಮಣಿ ಆರಿಸಿದ್ದು ಕಡುಹಸಿರು. ಹೊಲಿದು ಕಳಿಸಿದ ಮೇಲೆ, ದೇವಸ್ಥಾನದ ಅಂಗಳದಲ್ಲಿ ಅದನ್ನೇ ತೊಟ್ಟು ನಿಂತ ಫೋಟೋ ಬಂತು. ಇದು ವೆಬ್‌ಸೈಟಿಗಲ್ಲ, ಅಮ್ಮನಿಗೆ ಮಾತ್ರ ಎಂದು ಜೊತೆಗೆ ಬರೆದಿದ್ದರು.

ಅದಾದ ಮೇಲೆ ಕರೆಗಳು ಒಂದೊಂದಾಗಿ ಬರತೊಡಗಿದವು, ಬನಶಂಕರಿಯಿಂದ, ಒಮ್ಮೆ ದೂರದ ದಾವಣಗೆರೆಯಿಂದ. ಅರ್ಧಕ್ಕರ್ಧ ಮಂದಿ ಮೊದಲು ಕೇಳುತ್ತಿದ್ದುದು ವಿಡಿಯೋದ ಅಮ್ಮನನ್ನೇ. ಹೀಗಾಗಿ ಜಯಶೀಲಾ ಸೈಟಿಗೆ ಒಂದು ಹೊಸ ಪುಟ ಸೇರಿಸಲು ಕೂತಳು. ಚೈತ್ರಳಿಗೆ ಫೋನ್ ಮಾಡಲಿಲ್ಲ. ತಾನೇ ಚೌಕಟ್ಟು ಎಳೆದಳು, ಫೋಟೋ ಚಿಕ್ಕದು ಮಾಡಿದಳು, ಫೋನಿನಲ್ಲಿ ಹೇಗೆ ಕಾಣುತ್ತದೆಂದು ನೋಡಿದಳು.

"ಏನಂತ ಹಾಕ್ಲಿ ಅತ್ತೆ?"

"ಕಮಲಾದೇವಿ ಜೊತೆ ಮಾತಾಡಿ ಅಂತ ಹಾಕು. ಸಂಜೆ ನಾಲ್ಕರ ಮೇಲೆ. ಮಧ್ಯಾಹ್ನ ನಾನು ಮಲಗ್ತೀನಿ."

ಜಯಶೀಲಾ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದಳು. ಕಮಲಾದೇವಿ ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಾಗಿದರು, ತಪ್ಪೇನಾದರೂ ಇದೆಯೋ ಎಂದು ನೋಡಲು.